ಕಷ್ಟಕಾಲದಲ್ಲಿ ಕುಗ್ಗದ ಚೇತನ: ಸರ್ ಎಂ. ವಿಶ್ವೇಶ್ವರಯ್ಯನವರು



ಶುಭಕಾರ್ಯದ ನಿಮಿತ್ತ ಹೊರಡುವ ಸ್ಮರಣ ಸಂಚಿಕೆಗಳಲ್ಲಿ ಮಹನೀಯರ ಚರಿತ್ರೆಯನ್ನು ಸ್ಮರಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಶಿವಮೊಗ್ಗ ಮತ್ತು ಭದ್ರಾವತಿಯವರಾದ ನಾವು ದಿನಕ್ಕೊಮ್ಮೆಯಾದರೂ ಹೆಸರೆತ್ತುವ, ಆದರೆ ನಮ್ಮ ಊರಿಗಾಗಿ ಪಟ್ಟ ಪಾಡನ್ನು ಬಹುಮಟ್ಟಿಗೆ ಮರೆತಿರುವ ಒಬ್ಬ ಮಹಾಪುರುಷರ ಜೀವನವನ್ನು ಈ ಲೇಖನದಲ್ಲಿ ನಿರೂಪಿಸಲು ಯತ್ನಿಸಿದ್ದೇನೆ. ಅವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ಸ್ತಬ್ಧವಾದವು. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತಿರುವ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರ ಜನವರಿಯಲ್ಲಿ ಹೊರಬಿದ್ದಿತು. ಕಾರ್ಖಾನೆಯ ಸಂಬಳದ ದಿನವೇ ಪೇಟೆಯ ಹಬ್ಬದ ದಿನವೆಂದು ತಿಳಿದಿದ್ದ ಊರಿನಲ್ಲಿ ಇಂಥ ಸುದ್ದಿ ಎಷ್ಟು ಮನೆಗಳ ನಿದ್ದೆಯನ್ನು ಕೆಡಿಸಿತೆಂಬುದು ಅಂಗಡಿಯಲ್ಲಿ ಕುಳಿತು ಗಿರಾಕಿಗಳ ಮುಖ ನೋಡುವವರಿಗೆಲ್ಲ ತಿಳಿದದ್ದೇ. ನಾಳೆ ಏನಾದೀತು ಎಂಬ ಪ್ರಶ್ನೆಗೆ ಉತ್ತರ ಕಾಣದ ಇಂಥ ಹೊತ್ತಿನಲ್ಲಿ, ಈ ಕಾರ್ಖಾನೆ ಹುಟ್ಟಿದ ಕಾಲದಲ್ಲಿ ಏನಾಗಿತ್ತೆಂದು ಹಿಂತಿರುಗಿ ನೋಡುವುದು ಉಚಿತ. ಹಾಗೆ ನೋಡಿದಾಗ ಕಾಣುವ ಸಂಗತಿ ಆಶ್ಚರ್ಯಕರವಾದುದು. ಈ ಕಾರ್ಖಾನೆ ಹುಟ್ಟಿದ್ದೇ ಅನಿಶ್ಚಿತ ಕಾಲದಲ್ಲಿ. ಅದನ್ನು ಮುಚ್ಚಿಬಿಡಬೇಕೆಂಬ ಮಾತೂ ಅದರಷ್ಟೇ ಹಳೆಯದು.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಶ್ರೀನಿವಾಸ ಶಾಸ್ತ್ರಿಗಳು ಮತ್ತು ವೆಂಕಟಲಕ್ಷ್ಮಮ್ಮನವರ ಪುತ್ರರಾಗಿ ಜನಿಸಿದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಇಡೀ ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ಮನೆತನವು ವಿದ್ಯೆಗೆ ಹೆಸರಾಗಿತ್ತೇ ಹೊರತು ಐಶ್ವರ್ಯಕ್ಕಲ್ಲ. ಬಾಲ್ಯದಲ್ಲಿಯೇ ತಂದೆಯವರನ್ನು ಕಳೆದುಕೊಂಡ ಹುಡುಗನಿಗೆ ಬೆಂಗಳೂರಿನಲ್ಲಿದ್ದ ಸೋದರಮಾವನವರು ಆಸರೆಯಾದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅನುಕೂಲಸ್ಥರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಖರ್ಚನ್ನು ತಾವೇ ನಿಭಾಯಿಸಿಕೊಂಡರು. ಬಿ.ಎ. ಪದವಿಯಾದ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, 1883ರಲ್ಲಿ ಮೊದಲ ದರ್ಜೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಹುದ್ದೆ ಲಭಿಸಿತು.

ಆ ಕೆಲಸದ ಮೊದಲ ದಿನಗಳ ಒಂದು ಪ್ರಸಂಗ ಮನನೀಯವಾದುದು. ಖಾನದೇಶದ ಧುಳೆ ಸೀಮೆಯಲ್ಲಿ ಹೊಳೆಯೊಂದಕ್ಕೆ ಅಡ್ಡಲಾಗಿ ನೀರಿನ ಕೊಳವೆಯನ್ನು ಹಾಯಿಸುವ ಕೆಲಸವನ್ನು ಅವರಿಗೆ ಒಪ್ಪಿಸಲಾಗಿತ್ತು. ಮಳೆ ಹಿಡಿದು ಕೆಲಸ ಕೆಟ್ಟಿತು. ಮಳೆಗಾಲ ಕಳೆಯುವವರೆಗೆ ಕೆಲಸವನ್ನು ಮುಂದೂಡಲು ಅನುಮತಿ ಬೇಡಿ ತರುಣ ಇಂಜಿನಿಯರ್ ಪತ್ರ ಬರೆದಾಗ ಮೇಲಧಿಕಾರಿಗಳು ಅಸಮಾಧಾನಗೊಂಡರು. ಅವರ ಮಾತಿನಿಂದ ಮನಸ್ಸಿಗೆ ನೋವಾದರೂ ವಿಶ್ವೇಶ್ವರಯ್ಯನವರು ರಾಜೀನಾಮೆಯ ಯೋಚನೆ ಮಾಡಲಿಲ್ಲ, ವಾದಕ್ಕೂ ನಿಲ್ಲಲಿಲ್ಲ. ಮಳೆಯ ಬಿಡುವನ್ನು ಬಳಸಿಕೊಂಡು ಕೆಲಸವನ್ನು ಮುಗಿಸಿ ತೋರಿಸಿದರು. ಕಾಲ ಅನುಕೂಲವಾಗಲೆಂದು ಕಾಯುತ್ತ ಕೂಡುವ ಬದಲು, ಇರುವ ಕಾಲದಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ಮಾಡುವ ಅಭ್ಯಾಸವು ಅಲ್ಲಿಂದ ಅವರ ಬಾಳಿನಲ್ಲಿ ಬೇರೂರಿತೆನ್ನಬಹುದು.

ಮುಂದೆ ಸಿಂಧ್ ಪ್ರಾಂತದ ಸುಕ್ಕೂರಿನ ಕುಡಿಯುವ ನೀರಿನ ಯೋಜನೆ, ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ತಾವಾಗಿ ತೆರೆದು ಮುಚ್ಚುವ ಬಾಗಿಲುಗಳು ಮೊದಲಾದ ಕಾರ್ಯಗಳಿಂದ ಅವರ ಕೀರ್ತಿ ಹಬ್ಬಿತು. 1898ರಲ್ಲಿ ಜಪಾನಿಗೆ ಹೋಗಿ ಬಂದರು. ಒಂದು ತಲೆಮಾರಿನ ಅವಧಿಯಲ್ಲಿ ಆ ದೇಶವು ವಿದ್ಯೆ ಮತ್ತು ಕೈಗಾರಿಕೆಗಳಿಂದ ಮೇಲೆದ್ದ ಬಗೆಯು ಅವರ ಮನಸ್ಸಿನಲ್ಲಿ ಅಚ್ಚೊತ್ತಿತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವು ಜಲಪ್ರಳಯಕ್ಕೆ ತುತ್ತಾದಾಗ ನಿಜಾಮರ ಸರ್ಕಾರವು ನೆನೆದದ್ದು ಅವರನ್ನೇ. ಅವರು ಸೂಚಿಸಿದ ಜಲಾಶಯಗಳ ಯೋಜನೆ ಕಾರ್ಯಗತವಾಗಿ, ಹಾಳುಗೆಡವಿದ ನೀರೇ ಊರಿನ ಬಾಯಾರಿಕೆಯನ್ನು ತಣಿಸುವ ನೀರಾಯಿತು.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಬಂದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಮೈಸೂರು ಬ್ಯಾಂಕು (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಇವೆಲ್ಲ ಅವರ ದಿವಾನಗಿರಿಯಲ್ಲಿ ಹುಟ್ಟಿದವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಗೆ ಹಣದ ಆಕ್ಷೇಪಣೆ, ಮದರಾಸು ಸರ್ಕಾರದ ತಕರಾರು, ಯುದ್ಧದ ಅಡಚಣೆ ಎಲ್ಲವೂ ಎದುರಾದವು. ಸಿಮೆಂಟಿಗೆ ಬದಲು ಸುಣ್ಣ ಸುರ್ಕಿಯ ಗಾರೆಯಿಂದಲೇ ಕಟ್ಟೆ ಮೇಲೆದ್ದಿತು. ಈ ಸಂಗತಿಗಳನ್ನು ನಾವು ಶಾಲೆಯ ಪಠ್ಯಗಳಲ್ಲಿ ಓದಿದ್ದೇವೆ. ಆದರೆ ನಮ್ಮ ಮನೆಯ ಬಾಗಿಲಿನ ಕಥೆ ಪಠ್ಯದಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಆಗ ಭದ್ರಾವತಿಗೆ ಬೆಂಕಿಪುರವೆಂದು ಹೆಸರು. ಭದ್ರಾ ನದಿಯ ದಡದ ಸಣ್ಣ ಊರು. ಸುತ್ತಲೂ ಕಾಡು, ಮಲೆನಾಡಿನ ಚಳಿಜ್ವರದ ಕಾಟ. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದ ರೈಲು ಹಾದಿ ಮಾತ್ರ ಈ ಊರನ್ನು ಹೊರಜಗತ್ತಿಗೆ ಬೆಸೆದಿತ್ತು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಕಬ್ಬಿಣದ ಅದಿರಿತ್ತು, ಸಮೀಪದಲ್ಲಿ ಸುಣ್ಣಕಲ್ಲಿತ್ತು, ನದಿಯ ನೀರಿತ್ತು. ಇಲ್ಲದಿದ್ದುದು ಕಲ್ಲಿದ್ದಲು ಒಂದೇ. ಕಲ್ಲಿದ್ದಲಿಲ್ಲದೆ ಕಬ್ಬಿಣ ಕರಗಿಸುವುದೆಂತು? ಕಾಡಿನ ಸೌದೆಯಿಂದ ಇದ್ದಿಲು ಮಾಡಿ ಅದರಿಂದಲೇ ಕುಲುಮೆ ನಡೆಸಬಹುದೆಂದು ತಜ್ಞರು ಲೆಕ್ಕ ಹಾಕಿದರು. ಟಾಟಾ ಕಾರ್ಖಾನೆಗೆ ಸಲಹೆ ನೀಡಿದ್ದ ಅಮೆರಿಕದ ಪೆರಿನ್ ಅವರ ಸಂಸ್ಥೆಯ ಸಲಹೆಯನ್ನು ಪಡೆಯಲಾಯಿತು. 1918ರಲ್ಲಿ ಮೈಸೂರು ಮರ ಬಟ್ಟಿ ಮತ್ತು ಕಬ್ಬಿಣದ ಕಾರ್ಖಾನೆಗೆ ಆರಂಭ ದೊರೆಯಿತು.

ಆ ವರ್ಷ ಎಂಥದೆಂಬುದನ್ನು ವಾಚಕರು ಸ್ವಲ್ಪ ಯೋಚಿಸಬೇಕು. ನಾಲ್ಕು ವರ್ಷಗಳಿಂದ ನಡೆದಿದ್ದ ಮೊದಲನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸಮುದ್ರ ಮಾರ್ಗಗಳು ಅಪಾಯಕರವಾಗಿದ್ದವು. ಧಾನ್ಯದ ಬೆಲೆ ಏರಿತ್ತು. ವರ್ಷದ ಕೊನೆಗೆ ವಿಷಮಶೀತ ಜ್ವರದ ಮಹಾಮಾರಿ ಬಂದು ಸಂಸ್ಥಾನದ ಊರೂರುಗಳಲ್ಲಿ ಸಾವಿನ ಸರಮಾಲೆಯನ್ನೇ ತಂದಿತು. ಅದೇ ಸಮಯದಲ್ಲಿ ಸರ್ಕಾರಿ ನೌಕರಿಗಳ ನೇಮಕದಲ್ಲಿ ಹಿಂದುಳಿದ ವರ್ಗದವರಿಗೆ ಪಾಲು ನೀಡುವ ನೀತಿಯ ವಿಷಯವಾಗಿ ಮಹಾರಾಜರಿಗೂ ದಿವಾನರಿಗೂ ಅಭಿಪ್ರಾಯಭೇದವುಂಟಾಗಿ ವಿಶ್ವೇಶ್ವರಯ್ಯನವರು ಅಧಿಕಾರದಿಂದ ಹಿಂದೆ ಸರಿದರು. ಆ ವಿಷಯದಲ್ಲಿ ಮಹಾರಾಜರ ನಿಲುವೇ ನ್ಯಾಯವಾದುದೆಂದು ಮುಂದಿನ ಕಾಲವು ತೋರಿಸಿತು. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇದನ್ನು ಮರೆಮಾಚುವುದು ಸಲ್ಲದು. ಅಂತೂ ಕಾರ್ಖಾನೆಯ ಕನಸನ್ನು ಕಂಡವರು ಹೋದರು. ಕಟ್ಟಡದ ಕೆಲಸ ಉಳಿಯಿತು.

ಯಂತ್ರಗಳು ದೂರದ ದೇಶದಿಂದ ಬರಬೇಕಾಗಿದ್ದು, ಯುದ್ಧಕಾಲದ ದುಬಾರಿ ಬೆಲೆಯಲ್ಲಿ ಅವುಗಳನ್ನು ಕೊಳ್ಳಬೇಕಾಯಿತು. ಕೊನೆಗೂ 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದು ಬೀಡುಕಬ್ಬಿಣ ಹರಿಯಿತು. ಆದರೆ ಅಷ್ಟರಲ್ಲಿ ಯುದ್ಧ ಮುಗಿದು ಕಬ್ಬಿಣದ ಪೇಟೆ ಕುಸಿದುಬಿದ್ದಿತ್ತು. ದುಬಾರಿ ಕಾಲದಲ್ಲಿ ಕೊಂಡು ಅಗ್ಗದ ಕಾಲದಲ್ಲಿ ಮಾರುವ ಗತಿ ಯಾವ ವ್ಯಾಪಾರಸ್ಥನಿಗೂ ಬರಬಾರದು. ಅದು ಒಂದು ಸಂಸ್ಥಾನಕ್ಕೇ ಬಂದಿತು. ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಟೀಕೆಗಳು ಎದ್ದವು. ಪ್ರಜೆಗಳ ತೆರಿಗೆಯ ಹಣ ಬೂದಿಯಾಗುತ್ತಿದೆ, ಬಿಳಿಯಾನೆಯನ್ನು ಸಾಕುವುದೇಕೆ, ಮುಚ್ಚಿಬಿಡುವುದೇ ಲೇಸು ಎಂಬ ಮಾತು ಬಲವಾಯಿತು. ಆ ಟೀಕೆಯನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವಂತಿರಲಿಲ್ಲ. ನಷ್ಟವು ನಿಜವಾದ ನಷ್ಟವೇ ಆಗಿತ್ತು.

ಅದೇ 1923ರಲ್ಲಿ ಮಹಾರಾಜರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಬೇಕೆಂದು ವಿಶ್ವೇಶ್ವರಯ್ಯನವರನ್ನು ಕೇಳಿಕೊಂಡರು. ಆಗ ಅವರಿಗೆ ಅರವತ್ತು ದಾಟಿತ್ತು. ಸಂಸ್ಥಾನದ ಅತ್ಯುನ್ನತ ಪದವಿಯಲ್ಲಿದ್ದು ಭಿನ್ನಾಭಿಪ್ರಾಯದಿಂದ ಹೊರಬಂದವರು, ನಷ್ಟದಲ್ಲಿ ಮುಳುಗಿದ್ದ ಒಂದು ಕಾರ್ಖಾನೆಯ ಹೊಣೆಗೆ ಹೆಗಲು ಕೊಡಬೇಕಾದ ಅಗತ್ಯವೇನಿತ್ತು? ಗೆದ್ದರೆ ಹೊಗಳುವವರು ಕಡಿಮೆ. ಸೋತರೆ ಅವರ ಹೆಸರಿಗೇ ಮಸಿ. ಆದರೂ ಅವರು ಒಪ್ಪಿಕೊಂಡರು.

ಇಲ್ಲಿಂದ ಮುಂದಿನ ಆರು ವರ್ಷಗಳೇ ಈ ಲೇಖನದ ಸಾರ. ಆಶಾವಾದವೆಂದರೆ ಎಲ್ಲವೂ ತಾನಾಗಿ ಒಳ್ಳೆಯದಾಗುವುದೆಂದು ನಂಬಿ ಕೂಡುವುದೆಂದು ಅನೇಕರ ಭಾವನೆ. ವಿಶ್ವೇಶ್ವರಯ್ಯನವರ ಆಶಾವಾದ ಆ ಜಾತಿಯದಲ್ಲ. ಅವರು ಮೊದಲು ತೆರೆದದ್ದು ಜಮಾಖರ್ಚಿನ ಪುಸ್ತಕವನ್ನು. ಒಂದು ಟನ್ ಕಬ್ಬಿಣಕ್ಕೆ ಸೌದೆಗೆ ಎಷ್ಟು, ಅದಿರಿಗೆ ಎಷ್ಟು, ಸಾಗಣೆಗೆ ಎಷ್ಟು, ಸಂಬಳಕ್ಕೆ ಎಷ್ಟು ಎಂದು ಬಾಬ್ತುವಾರು ಬಿಡಿಸಿ ನೋಡುವುದು ಅವರ ಪದ್ಧತಿ. ನಷ್ಟ ಎಂಬ ಒಂದು ದೊಡ್ಡ ಭೂತವು ಹೀಗೆ ಬಿಡಿಸಿದಾಗ ಅನೇಕ ಸಣ್ಣ ಸಣ್ಣ ಸೋರಿಕೆಗಳಾಗಿ ಕಾಣುತ್ತದೆ. ಭೂತವನ್ನು ಎದುರಿಸಲು ಯಾರಿಂದಲೂ ಆಗದು. ಸೋರಿಕೆಯನ್ನು ಮುಚ್ಚಲು ಎಲ್ಲರಿಂದಲೂ ಆಗುತ್ತದೆ.

ಭಾರಿ ಸಂಬಳದ ಮೇಲಿದ್ದ ವಿದೇಶೀ ತಜ್ಞರ ಸಂಖ್ಯೆಯನ್ನು ಕ್ರಮೇಣ ತಗ್ಗಿಸಿ, ಆ ಕೆಲಸಗಳಿಗೆ ನಮ್ಮ ನಾಡಿನ ತರುಣರನ್ನು ತರಬೇತು ಮಾಡಿದರು. ಇದು ಕೇವಲ ಉಳಿತಾಯವಾಗಿರಲಿಲ್ಲ. ಊದುಕುಲುಮೆಯ ಮುಂದೆ ನಿಲ್ಲಲು ಅನ್ಯದೇಶದವರೇ ಬೇಕೆಂಬ ನಂಬಿಕೆ ಇದರಿಂದ ಮುರಿಯಿತು. ಮಲೆನಾಡಿನ ಮತ್ತು ಬಯಲುಸೀಮೆಯ ರೈತರ ಮಕ್ಕಳು ಕರಗಿದ ಕಬ್ಬಿಣವನ್ನು ಆಳುವ ವಿದ್ಯೆಯನ್ನು ಕಲಿತರು.

ಎರಡನೆಯದಾಗಿ, ವ್ಯರ್ಥವೆಂಬುದು ಯಾವುದೂ ಇರಬಾರದೆಂದು ಶ್ರಮಿಸಿದರು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಸಿದಾಗ ಇದ್ದಿಲು ಉಳಿಯುತ್ತದೆ. ಮೇಲೇಳುವ ಆವಿಯನ್ನು ತಂಪುಗೊಳಿಸಿದರೆ ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಟಾರು ಮುಂತಾದ ಪದಾರ್ಥಗಳು ದೊರೆಯುತ್ತವೆ. ಹೊಗೆಯಾಗಿ ಹೋಗುತ್ತಿದ್ದುದನ್ನು ಸರಕಾಗಿಸಿ ಮಾರುವ ಏರ್ಪಾಡು ಕಾರ್ಖಾನೆಗೆ ಆಧಾರವಾಯಿತು. ಬೀಡುಕಬ್ಬಿಣವನ್ನು ಹಾಗೆಯೇ ಅಗ್ಗಕ್ಕೆ ಮಾರುವ ಬದಲು ನೀರಿನ ಕೊಳವೆಗಳನ್ನು ಎರಕ ಹೊಯ್ದು ಮಾರಿದರೆ ಹೆಚ್ಚಿನ ಬೆಲೆ ಬರುವುದೆಂದು ಕಂಡು ಅದಕ್ಕೆ ಎರಕಶಾಲೆಯನ್ನು ಬೆಳೆಸಲಾಯಿತು.

ಮೂರನೆಯದಾಗಿ, ಅವರು ಕುಲುಮೆಯ ಸ್ವಭಾವವನ್ನು ಚೆನ್ನಾಗಿ ಅರಿತಿದ್ದರು. ಅಂಗಡಿಯ ಬಾಗಿಲನ್ನು ಸಂಜೆ ಎಳೆದು ಬೆಳಿಗ್ಗೆ ತೆರೆದಂತೆ ಊದುಕುಲುಮೆಯನ್ನು ಆರಿಸಿ ಹೊತ್ತಿಸಲಾಗದು. ಮೇಲಿನಿಂದ ಅದಿರು, ಇದ್ದಿಲು, ಸುಣ್ಣಕಲ್ಲುಗಳನ್ನು ಪದರ ಪದರವಾಗಿ ತುಂಬುತ್ತಿರಬೇಕು. ಕೆಳಗಿನಿಂದ ಬಿಸಿಗಾಳಿ ಊದುತ್ತಲೇ ಇರಬೇಕು. ಒಳಗಿನ ಕಾವು ಸತ್ತರೆ ಕರಗಿದ ಕಬ್ಬಿಣ ಒಳಗೇ ಗಟ್ಟಿಯಾಗಿ ಕುಲುಮೆಯೇ ಹಾಳಾಗುತ್ತದೆ. ಪೇಟೆ ಇಳಿದಿದೆಯೆಂದು ಕೆಲಕಾಲ ನಿಲ್ಲಿಸಿ ನೋಡೋಣವೆಂಬ ಸುಲಭದ ದಾರಿ ಅಲ್ಲಿರಲಿಲ್ಲ. ನಡೆಸುತ್ತಲೇ ಸರಿಪಡಿಸಬೇಕಾಗಿತ್ತು. ಸಂಸಾರದ ಕಷ್ಟವೂ ಹೀಗೆಯೇ ಅಲ್ಲವೇ?

1929ರಲ್ಲಿ ಅವರು ಹೊಣೆಯಿಂದ ಬಿಡುಗಡೆ ಹೊಂದುವ ವೇಳೆಗೆ ಹಾಕಿದ ಬಂಡವಾಳಕ್ಕೆಲ್ಲ ತಕ್ಕ ಬಡ್ಡಿ ಬರುವಷ್ಟು ಲಾಭ ಬಂದಿತ್ತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಕಾರ್ಖಾನೆ ಬದುಕುಳಿದಿತ್ತು. ಕೆಲಸ ಬಲ್ಲ ಕೈಗಳು ಅಲ್ಲಿದ್ದವು. ಅದೇ ವರ್ಷ ಜಗತ್ತನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟು ಆರಂಭವಾಗಿ ಪೇಟೆಗಳು ಮತ್ತೆ ನೆಲಕಚ್ಚಿದವು. ಆ ಹೊಡೆತವನ್ನೂ ಭದ್ರಾವತಿ ತಾಳಿಕೊಂಡಿತು. 1936ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆ ಆರಂಭವಾಯಿತು. ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಸಿಮೆಂಟ್ ತಯಾರಿಕೆಯೂ ಅದೇ ದಶಕದಲ್ಲಿ ಬಂದಿತು. ಬೆಂಕಿಪುರವೆಂಬ ಸಣ್ಣ ಊರು ಭದ್ರಾವತಿ ಎಂಬ ನಗರವಾಯಿತು. ಅದರ ನೆರಳಿನಲ್ಲಿ ಶಿವಮೊಗ್ಗದ ಪೇಟೆಯೂ, ಎರಕಶಾಲೆಗಳೂ, ಲಾರಿ ಉದ್ಯಮವೂ ಬೆಳೆದವು. ನಮ್ಮಲ್ಲಿ ಎಷ್ಟು ಮನೆಗಳ ಮಕ್ಕಳ ವಿದ್ಯಾಭ್ಯಾಸಕ್ಕೆ ಆ ಕುಲುಮೆಯ ಬೆಂಕಿ ಕಾರಣವಾಯಿತೆಂಬುದನ್ನು ಎಣಿಸಲು ಸಾಧ್ಯವಿಲ್ಲ.

ಇದಕ್ಕೆ ನಮ್ಮ ಮಲೆನಾಡಿನ ಕಾಡು ತೆತ್ತ ಬೆಲೆಯನ್ನೂ ಇಲ್ಲಿ ಸ್ಮರಿಸಬೇಕು. ಇದ್ದಿಲಿಗಾಗಿ ಉರುಳಿದ ಮರಗಳು ಅಸಂಖ್ಯಾತ. 1950ರ ದಶಕದಲ್ಲಿ ಶರಾವತಿಯ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದ ಮೇಲೆ ಸೌದೆಯ ಅವಲಂಬನೆ ಕಡಿಮೆಯಾಯಿತು. ಒಂದು ಕಾಲದ ಅನಿವಾರ್ಯವು ಇನ್ನೊಂದು ಕಾಲಕ್ಕೆ ತಪ್ಪಾಗಿ ಕಾಣುವುದು ಸಹಜ. ತಿದ್ದಿಕೊಳ್ಳುವುದು ಮುಂದಿನವರ ಧರ್ಮ.

ವಿಶ್ವೇಶ್ವರಯ್ಯನವರ ನಿಸ್ಪೃಹತೆಗೆ ಒಂದು ನಿದರ್ಶನ ಸಾಕು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಗೌರವಧನವನ್ನು ಅವರು ಸ್ವಂತಕ್ಕೆ ಬಳಸಿಕೊಳ್ಳಲಿಲ್ಲ. ತರುಣರಿಗೆ ಕೈಕಸುಬಿನ ವಿದ್ಯೆ ಕಲಿಸುವ ಶಾಲೆಯೊಂದಕ್ಕೆ ಅದು ವಿನಿಯೋಗವಾಗಲೆಂದು ಬಯಸಿದರು. ಆ ಸಂಸ್ಥೆಗೆ ತಮ್ಮ ಹೆಸರನ್ನೂ ಇಡಗೊಡಲಿಲ್ಲ. ಅದೇ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ.

ಅವರು ಕೈಹಾಕಿದ್ದೆಲ್ಲ ಕೈಗೂಡಿತೆಂದು ಭಾವಿಸುವುದೂ ತಪ್ಪು. 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು ಇಳಿವಯಸ್ಸಿನಲ್ಲಿ ವಿದೇಶಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ಈ ಕಾರ್ಯದಲ್ಲಿ ಅವರಿಗೆ ಜೊತೆಯಾದವರು ಸೊಲ್ಲಾಪುರದ ಜೈನ ಮನೆತನದಲ್ಲಿ ಹುಟ್ಟಿ ದೇಶದ ಹಿರಿಯ ಉದ್ಯಮಿಗಳಲ್ಲೊಬ್ಬರಾದ ವಾಲ್‌ಚಂದ್ ಹೀರಾಚಂದರು ಎಂಬುದು ನಮ್ಮ ಸಮಾಜದ ತರುಣರು ತಿಳಿಯಬೇಕಾದ ಸಂಗತಿ. ಸರ್ಕಾರದ ಬೆಂಬಲ ದೊರೆಯದೆ ಬೆಂಗಳೂರಿನ ಮೋಟಾರು ಕಾರ್ಖಾನೆಯ ಆಸೆ ಕಮರಿತು. ಆದರೆ ಇಬ್ಬರೂ ಕೈಚೆಲ್ಲಲಿಲ್ಲ. 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ವಾಲ್‌ಚಂದರು ಬೆಂಗಳೂರಿನಲ್ಲಿಯೇ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1944ರಲ್ಲಿ ಮುಂಬಯಿಯಲ್ಲಿ ಅವರ ಮೋಟಾರು ಸಂಸ್ಥೆಯೂ ಹುಟ್ಟಿತು. ಒಂದು ಬಾಗಿಲು ಮುಚ್ಚಿದಾಗ ಅದರ ಮುಂದೆ ಅಳುತ್ತ ನಿಲ್ಲದೆ ಬೇರೆ ಹಾದಿ ಹುಡುಕಿದ್ದರ ಫಲವಿದು.

ತೊಂಬತ್ತು ದಾಟಿದ ಮೇಲೂ ಅವರು ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಕಟ್ಟುವ ಸ್ಥಳವನ್ನು ನಿರ್ಧರಿಸುವ ಸಮಿತಿಗೆ ಅಧ್ಯಕ್ಷರಾಗಿ ನದಿಯ ದಡಕ್ಕೆ ಹೋಗಿ ಪರಿಶೀಲಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿ ಬಂದಿತು. 1962ರ ಏಪ್ರಿಲ್ 14ರಂದು, ನೂರು ವರ್ಷಗಳನ್ನು ದಾಟಿದ ತುಂಬು ಜೀವನವನ್ನು ಮುಗಿಸಿ ಅವರು ಇಹಲೋಕವನ್ನು ತ್ಯಜಿಸಿದರು. ಎಪ್ಪತ್ತರ ದಶಕದಲ್ಲಿ ಭದ್ರಾವತಿಯ ಕಾರ್ಖಾನೆಗೆ ಅವರ ಹೆಸರನ್ನಿಟ್ಟು ಸರ್ಕಾರ ಕೃತಜ್ಞತೆ ತೋರಿತು. 1998ರಲ್ಲಿ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು.

ಈಗ ಆರಂಭದ ಮಾತಿಗೆ ಮರಳೋಣ. 2023ರ ಜನವರಿಯ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕೆ ಕುಳಿತರು. ಊರು ಅವರ ಬೆನ್ನಿಗೆ ನಿಂತಿತು. ಅದೇ ವರ್ಷದ ಆಗಸ್ಟಿನಲ್ಲಿ ಕಾರ್ಖಾನೆಯ ಒಂದು ವಿಭಾಗದಲ್ಲಿ ಉಕ್ಕಿನ ಸರಳುಗಳು ಮತ್ತೆ ಉರುಳಿದವು. ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾಗದು. ಮುಂದೆ ಏನಾಗುವುದೆಂದು ಬಲ್ಲವರಾರು? ಆದರೆ ಈ ಊರಿಗೆ ಅನಿಶ್ಚಿತತೆ ಹೊಸದಲ್ಲವೆಂಬುದನ್ನು ಮರೆಯಬಾರದು. 1923ರಲ್ಲಿ ಮುಚ್ಚಿಬಿಡಿ ಎಂದವರ ಬಳಿಯೂ ಲೆಕ್ಕವಿತ್ತು. ನಡೆಸುತ್ತೇನೆ ಎಂದವರ ಬಳಿಯೂ ಲೆಕ್ಕವಿತ್ತು. ಮೊದಲಿನವರು ಮೊತ್ತವನ್ನು ಮಾತ್ರ ನೋಡಿದರು. ವಿಶ್ವೇಶ್ವರಯ್ಯನವರು ಬಾಬ್ತುಗಳನ್ನು ನೋಡಿದರು. ವ್ಯತ್ಯಾಸ ಅಷ್ಟೇ.

ಉದ್ಯೋಗ ಕಳೆದುಕೊಂಡ ಮನೆಯವರಾಗಲಿ, ವ್ಯಾಪಾರ ಕುಗ್ಗಿದ ಅಂಗಡಿಯವರಾಗಲಿ, ಕಷ್ಟವನ್ನು ಒಂದೇ ಗಂಟಾಗಿ ತಲೆಯ ಮೇಲೆ ಹೊತ್ತು ಕುಸಿಯುವ ಬದಲು ಗಂಟನ್ನು ನೆಲಕ್ಕಿಳಿಸಿ ಬಿಚ್ಚಿ ನೋಡಬೇಕು. ಇಂದು ತಿದ್ದಬಹುದಾದ ಒಂದು ಬಾಬ್ತು ಅದರಲ್ಲಿ ಇದ್ದೇ ಇರುತ್ತದೆ. ಅದನ್ನು ಇಂದೇ ತಿದ್ದಬೇಕು, ನಾಳೆಯದನ್ನು ನಾಳೆ. ಕಲಿತ ವಿದ್ಯೆಯನ್ನು ಮಕ್ಕಳಿಗೆ ದಾಟಿಸಬೇಕು. ನೆರೆಯವರ ಕಾವು ಆರದಂತೆ ಕೈಲಾದಷ್ಟು ನೆರವಾಗಬೇಕು. ಇಷ್ಟನ್ನು ಮಾಡಿದರೆ, ವಿಶ್ವೇಶ್ವರಯ್ಯನವರ ಹೆಸರನ್ನು ಕೇವಲ ರಸ್ತೆಗೂ ವೃತ್ತಕ್ಕೂ ಇಟ್ಟು ಸುಮ್ಮನಾದವರೆಂಬ ಅಪವಾದ ನಮಗೆ ತಟ್ಟಲಾರದೆಂದು ಬಿನ್ನವಿಸಿ, ಈ ಕಿರುಲೇಖನವನ್ನು ಮುಗಿಸುತ್ತೇನೆ.